ಶನಿವಾರದ ಗಾಡಿ

ಶನಿವಾರ ಬಂತೆಂದರೆ ಶ್ರೀಪತಿಯವರು ಬೆಳಗಾಗುತ್ತಲೇ ಚೀಲ ತುಂಬಿಕೊಂಡು ಹೊರಟು ನಿಲ್ಲುತ್ತಿದ್ದರು. ಒಂದು ಜೊತೆ ಬಟ್ಟೆ, ಟವೆಲ್ಲು, ಗಡ್ಡ ಹೆರೆಯುವ ಸಾಮಾನು, ದಾರಿಯಲ್ಲಿ ಓದಲು ಒಂದು ಹಳೆಯ ಪೇಪರು. ನಾಸಿಕ್ ರೋಡಿನ ಮನೆಯ ವರಾಂಡದಲ್ಲಿ ಬೂಟು ಕಟ್ಟಿಕೊಂಡು ಕೂತು, ಅಡುಗೆಮನೆಯಲ್ಲಿದ್ದ ಹೆಂಡತಿಯನ್ನೇ ಕೂಗಿ ಹೇಳುತ್ತಿದ್ದರು.

"ಬಾಯಾರ, ನಾ ಔರಂಗಾಬಾದಿಗೆ ಹೋಗಿ ಬರ್ತೀನ್ರಿ. ನಮ್ಮ ವನಜಾ ಹಾದಿ ಕಾಯಾಕತ್ತಿರತಾಳ."

ವನಜಾ ಮೊದಮೊದಲು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, "ನಾನ ಅಲ್ಲೇನ್ರಿ ವನಜಾ?" ಎನ್ನುತ್ತಿದ್ದಳು. ಅವರು ತಮಾಷೆ ಕೇಳಿದವರ ಹಾಗೆ ಮರ್ಯಾದೆಯಿಂದ ನಗುತ್ತಿದ್ದರು. ಬರಬರುತ್ತ ಅವಳು ವಾದ ಬಿಟ್ಟಳು. "ಗಾಡಿ ಲೇಟ್ ಐತಂತ್ರಿ. ಅಷ್ಟರಾಗ ಚಾ ಕುಡೀರಿ," ಎಂದು ಕಪ್ಪು ಕೈಗೆ ಕೊಡುವಳು. ಮಧ್ಯಾಹ್ನದ ಊಟದ ಹೊತ್ತಿಗೆ ಅವರಿಗೆ ಔರಂಗಾಬಾದೂ ಮರೆತಿರುತ್ತಿತ್ತು, ಬೂಟು ಯಾಕೆ ಹಾಕಿಕೊಂಡಿದ್ದೇನೆ ಎಂಬುದೂ ಮರೆತಿರುತ್ತಿತ್ತು. ಅವಳು ನೆಲದ ಮೇಲೆ ಕೂತು ಲೇಸು ಬಿಚ್ಚುತ್ತಿದ್ದಳು.

ಆದರೆ ಆ ಶನಿವಾರಗಳು ಸುಳ್ಳಾಗಿರಲಿಲ್ಲ. ಒಂದು ಕಾಲಕ್ಕೆ ಅವರಿಬ್ಬರ ಸಂಸಾರ ನಡೆದಿದ್ದೇ ಶನಿವಾರಗಳ ಮೇಲೆ.

ವನಜಾಳ ತಂದೆ ರೈಲ್ವೆಯಲ್ಲಿ ಗಾರ್ಡು. ಹುಬ್ಬಳ್ಳಿ ಕಡೆಯಿಂದ ಅವರಿಗೆ ಔರಂಗಾಬಾದಿಗೆ ವರ್ಗವಾದಾಗ ಅವಳಿನ್ನೂ ಲಂಗ ತೊಡುವ ಹುಡುಗಿ. ಸ್ಟೇಶನ್ನಿನ ಹಿಂದಿನ ಕ್ವಾರ್ಟರ್ಸಿನಲ್ಲೇ ಬೆಳೆದಳು. ನಿಜಾಮರ ಕಾಲದಲ್ಲಿ ಹಾಕಿದ ಲೈನು ಅದು, ಸಣ್ಣ ಹಳಿಯದು. ಮುಂಬಯಿ, ನಾಸಿಕ್ ಕಡೆಯಿಂದ ಬರುವವರು ಮನಮಾಡದಲ್ಲಿ ದೊಡ್ಡ ಗಾಡಿ ಇಳಿದು, ಹಮಾಲನ ಹಿಂದೆ ಓಡೋಡಿ ಸಣ್ಣ ಗಾಡಿ ಹಿಡಿಯಬೇಕಾಗಿತ್ತು. ಸ್ಟೇಶನ್ ಎಂದರೆ ಅವಳ ಕಣ್ಣಿಗೆ ಕಟ್ಟುತ್ತಿದ್ದದ್ದು ಎತ್ತರದ ಚಾವಣಿಯ ವೇಟಿಂಗ್ ರೂಮು, ಅದರೊಳಗಿನ ಉದ್ದ ತೋಳಿನ ಕುರ್ಚಿಗಳು, ನಾಣ್ಯ ಹಾಕಿದರೆ ತೂಕದ ಚೀಟಿ ಉಗುಳುವ ಮಶಿನ್ನು, ಹೊರಗೆ ಟಾಂಗಾಗಳ ಸಾಲು, ಅವುಗಳ ಕುದುರೆಗಳ ಲದ್ದಿಯ ವಾಸನೆ. ಸೀತಾಫಲದ ಕಾಲ ಬಂದರೆ ಪ್ಲಾಟ್‌ಫಾರ್ಮಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಬುಟ್ಟಿಗಳು. ವೇರೂಳದ, ಅಂದರೆ ಎಲ್ಲೋರಾದ, ಗುಹೆ ನೋಡಲು ಬಂದ ಪರದೇಶದವರು ನಡುವೆ ನಿಂತು ನಕಾಶೆ ಬಿಚ್ಚಿಕೊಂಡಿರುತ್ತಿದ್ದರು.

ತಂದೆ ಕೆಲಸದಲ್ಲಿರುವಾಗಲೇ ತೀರಿಕೊಂಡಿದ್ದರಿಂದ ವನಜಾಳಿಗೆ ರೈಲ್ವೆಯಲ್ಲಿ ನೌಕರಿ ಸಿಕ್ಕಿತು. ವಿಚಾರಣೆಯ ಕೌಂಟರಿನ ಮಗ್ಗುಲ ಕೋಣೆಯಲ್ಲಿ ಮೈಕಿನ ಮುಂದೆ ಕೂತು ಗಾಡಿಗಳು ಬಂದುಹೋಗುವುದನ್ನು ಹೇಳುವ ಕೆಲಸ. ಮರಾಠಿ, ಹಿಂದಿ, ಇಂಗ್ಲಿಷು, ಮೂರರಲ್ಲೂ ಹೇಳಬೇಕು. ಒಂದನೇ ಪ್ಲಾಟ್‌ಫಾರ್ಮಿಗೆ ತೆರೆದುಕೊಂಡ ಒಂದು ಸರಳಿನ ಕಿಟಕಿ ಆ ಕೋಣೆಗಿತ್ತು. ಶ್ರೀಪತಿಯವರು ಮೊದಲು ಬಂದು ನಿಂತದ್ದು ಆ ಕಿಟಕಿಯ ಮುಂದೆ. ಗದಗ ಕಡೆಯ ಹುಡುಗ, ನಾಸಿಕ್ ಹತ್ತಿರದ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಟೆಕ್ನೀಶಿಯನ್. ಗೆಳೆಯರ ಜೊತೆ ವೇರೂಳಕ್ಕೆ ಬಂದವನು ವಾಪಸ್ಸು ಹೋಗುವಾಗ ಗದ್ದಲದಲ್ಲಿ ಅವರಿಂದ ತಪ್ಪಿಸಿಕೊಂಡು, ಮನಮಾಡದ ಗಾಡಿ ಎಲ್ಲಿ ಬರುತ್ತದೆಂದು ಹರಕುಮುರಕು ಮರಾಠಿಯಲ್ಲಿ ಕೇಳಿದ. ಅವನ ಮರಾಠಿಯ ಧಾಟಿ ಕೇಳಿಯೇ ಇವನು ನಮ್ಮ ಕಡೆಯವನೆಂದು ವನಜಾಳಿಗೆ ತಿಳಿಯಿತು.

"ಎರಡನೇ ಪ್ಲಾಟ್‌ಫಾರ್ಮಿಗೆ ಬರ್ತೈತ್ರಿ. ಗಾಬರಿ ಆಗಬ್ಯಾಡ್ರಿ, ಇನ್ನೂ ಟೈಮ್ ಐತಿ," ಎಂದಳು.

ಕನ್ನಡ ಕೇಳಿ ಅವನು ಬೆರಗಾಗಿ ಹಾಗೇ ನಿಂತುಬಿಟ್ಟ. ಆ ಗಾಡಿ ಅವನನ್ನು ಬಿಟ್ಟೇ ಹೋಯಿತು. ಮುಂದಿನ ಶನಿವಾರ ಮತ್ತೆ ಬಂದ. ಆ ಸಲ ವೇರೂಳದ ಕಡೆ ಹೋಗುವ ನೆಪವನ್ನೂ ಹೇಳಲಿಲ್ಲ.

ಮದುವೆಯಾದ ಮೇಲೆ ಇಬ್ಬರಿಗೂ ನೌಕರಿ ಬಿಡಲು ಧೈರ್ಯವಾಗಲಿಲ್ಲ. ಅವಳು ತಾಯಿಯ ಜೊತೆ ಔರಂಗಾಬಾದಿನಲ್ಲಿ, ಅವರು ಓಝರ್‌ನಲ್ಲಿ. ಪ್ರತಿ ಶನಿವಾರ ಸಂಜೆ ಮನಮಾಡದ ಗಾಡಿಯಲ್ಲಿ ಅವರು ಬರುವರು. ಆ ಗಾಡಿ ಬರುತ್ತಿದೆ ಎಂದು ಊರಿಗೆಲ್ಲ ಸಾರುವವಳು ಅವಳು. "ಪ್ರವಾಶಾಂನೀ ಕೃಪಯಾ ಲಕ್ಷ ದ್ಯಾವೇ..." ಎಂದು ಅವಳು ಪ್ರಯಾಣಿಕರ ಗಮನ ಕೋರಿ ಶುರು ಮಾಡಿದರೆ ಸಾಕು, ಪ್ಲಾಟ್‌ಫಾರ್ಮಿನ ಕ್ಯಾಂಟೀನಿನಲ್ಲಿ ಉಪ್ಪಿಟ್ಟು ಬಡಿಸುತ್ತಿದ್ದ ಉಮಾನಾಥ ಭಟ್ಟರು ನಗುತ್ತಿದ್ದರು. ಅವರು ಕುಂದಾಪುರದ ಕಡೆಯವರು. ಕಿಟಕಿಗೆ ಬಂದು, "ಇವತ್ತು ಯಜಮಾನ್ರು ಬರ್ತಾರಲ್ಲ? ನಿಮ್ಮ ಸ್ವರವೇ ಹೇಳ್ತದೆ ಮಾರಾಯ್ರೆ," ಎಂದು ಕಾಡುತ್ತಿದ್ದರು. ಶ್ರೀಪತಿಯವರು ಇಳಿದವರೇ ನೇರ ಕಿಟಕಿಯ ಹತ್ತಿರ ಬಂದು, ತಲೆ ಬಾಚಿಕೊಂಡು, ಅವಳ ಡ್ಯೂಟಿ ಮುಗಿಯುವ ತನಕ ಅಲ್ಲೇ ನಿಂತಿರುತ್ತಿದ್ದರು. ಕೋಣೆಯೊಳಗೆ ಹೊರಗಿನವರು ಬರುವಂತಿರಲಿಲ್ಲ.

ವರ್ಷಗಳು ಹೋದವು. ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಕಿದರು. ಮನಮಾಡದಲ್ಲಿ ಇಳಿದು ಓಡುವುದು ತಪ್ಪಿತು. ಟಾಂಗಾ ಹೋಗಿ ಆಟೋ ಬಂದವು. ಮಗ ಚೇತನ ಅಜ್ಜಿಯ ಕೈಯಲ್ಲಿ ಬೆಳೆದ. ಗಾಡಿಗಳ ಹೆಸರು ಹೇಳಲು ರೆಕಾರ್ಡು ಮಾಡಿದ ದನಿ ಬಂದಾಗ ವನಜಾಳನ್ನು ರಿಸರ್ವೇಶನ್ ಕೌಂಟರಿಗೆ ಹಾಕಿದರು. ಅವಳು ರಿಟೈರಾಗಿ ನಾಸಿಕ್ಕಿನ ಮನೆಗೆ ಬಂದ ಮೇಲೆಯೇ ಗಂಡ ಹೆಂಡತಿ ದಿನಾ ಒಂದೇ ಮನೆಯಲ್ಲಿ ಏಳತೊಡಗಿದ್ದು. ಇನ್ನು ಸೋಮವಾರ ಬಂದರೆ ಯಾರೂ ಹೊರಡಬೇಕಾಗಿಲ್ಲ ಎಂದು ಅವಳು ಹಿಗ್ಗಿದ್ದಳು. ಆ ಹಿಗ್ಗು ಹಳತಾಗುವ ಮುಂಚೆಯೇ ಶ್ರೀಪತಿಯವರು ಒಂದೊಂದಾಗಿ ಮರೆಯತೊಡಗಿದರು. ಮೊದಲು ಹೊಸ ಮಾತುಗಳು, ಆಮೇಲೆ ನೆರೆಯವರು, ಆಮೇಲೆ ಮೊಮ್ಮಗಳು. ಕೊನೆಗೆ ಒಂದು ದಿನ ಅವಳಿಗೇ, ಪರಿಚಯವಿಲ್ಲದ ಹೆಂಗಸಿಗೆ ಅನ್ನುವಂತೆ, "ಬಾಯಾರ" ಎಂದರು.

ಈ ವರ್ಷದ ಫೆಬ್ರುವರಿಯ ಒಂದು ಶನಿವಾರ ಅವರು ಬೂಟು ಹಾಕಿಕೊಂಡು ಕೂತಿದ್ದಾಗ, ಚಹಾ ತಂದ ವನಜಾ ಕಪ್ಪನ್ನು ಕಟ್ಟೆಯ ಮೇಲಿಟ್ಟಳು.

"ನಡೀರಿ, ಹೋಗೂಣು," ಎಂದಳು. "ನಂದೂ ಅಲ್ಲಿ ಕೆಲಸ ಐತಿ."

ಚೇತನ ಔರಂಗಾಬಾದಿನಲ್ಲೇ ಇದ್ದ. ವಾಳೂಜಿನ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಸುಪರ್‌ವೈಜರ್. ಫೋನಿನಲ್ಲಿ ಅವನು ಸಿಟ್ಟಾದ. "ಆಯೀ, ಅಪ್ಪಾನ್ನ ಟ್ರೇನ್‌ನಾಗ ಕಶಾಲಾ ಕರಕೊಂಡು ಬರ್ತಿ? ನಾ ಗಾಡಿ ತಗೊಂಡು ಬರ್ತೀನಿ ಅಂದೆ ನಾ?" ಎಂದ. ಅವನ ಕನ್ನಡದೊಳಗೆ ಅರ್ಧ ಮರಾಠಿ.

"ಕಾರಿನಾಗ ಕರಕೊಂಡು ಬಂದ್ರ ಅವರಿಗೆ ಔರಂಗಾಬಾದ್ ಬಂದಂಗ ಅನಸೂದಿಲ್ಲಪ. ಸ್ಟೇಶನ್ನಿಗೆ ಬಾ, ಅಷ್ಟ," ಎಂದು ಅವಳು ಫೋನಿಟ್ಟಳು.

ಗಾಡಿಯಲ್ಲಿ ಶ್ರೀಪತಿಯವರು ಮಗುವಿನ ಹಾಗೆ ಖುಷಿಯಾಗಿದ್ದರು. ಕಿಟಕಿಯ ಸೀಟು. ಲಾಸಲಗಾವದ ಹತ್ತಿರ ಈರುಳ್ಳಿಯ ವಾಸನೆ ಬಂದಾಗ ಮೂಗು ಅರಳಿಸಿದರು. ಮನಮಾಡ ಬಂದಾಗ ಎದ್ದು ನಿಂತು ಚೀಲ ಹೆಗಲಿಗೇರಿಸಿದರು. "ಇಳೀಬೇಕ್ರಿ ಬಾಯಾರ, ಇಲ್ಲಿ ಗಾಡಿ ಬದಲಿ ಮಾಡಬೇಕು." ವನಜಾ ಅವರ ಕೈ ಹಿಡಿದು ಕೂರಿಸಿದಳು. "ಈಗ ಇದ ಗಾಡಿ ಸೀದಾ ಹೋಗ್ತೈತ್ರಿ." ಅವರಿಗೆ ನಂಬಿಕೆ ಬರಲಿಲ್ಲ. ಗಾಡಿ ಹೊರಟ ಮೇಲೂ ಬಹಳ ಹೊತ್ತು ಚೀಲ ತೊಡೆಯ ಮೇಲಿಟ್ಟುಕೊಂಡು ಚಡಪಡಿಸಿದರು. ದೌಲತಾಬಾದಿನ ಕೋಟೆಯ ಗುಡ್ಡ ಕಂಡಾಗ ಮಾತ್ರ ಮುಖ ಸಡಿಲಾಯಿತು. "ಬಂತು ನೋಡ್ರಿ," ಎಂದು ಜೇಬಿನಿಂದ ಬಾಚಣಿಗೆ ತೆಗೆದರು.

ಆದರೆ ಇಳಿದ ಮೇಲೆ ಅವರ ಕಾಲು ಮುಂದಕ್ಕೆ ಹೋಗಲಿಲ್ಲ. ಸ್ಟೇಶನ್ನಿನಲ್ಲಿ ರಿಪೇರಿಯ ಕೆಲಸ ನಡೆದಿತ್ತು. ಅಲ್ಲಲ್ಲಿ ನೀಲಿ ತಗಡು ಕಟ್ಟಿ ಮರೆ ಮಾಡಿದ್ದರು, ಸಿಮೆಂಟಿನ ಧೂಳು ಹಾರುತ್ತಿತ್ತು. ಅವರು ಹಳದಿ ಬೋರ್ಡಿನ ಮುಂದೆ ನಿಂತು ಒಂದೊಂದೇ ಅಕ್ಷರ ಕೂಡಿಸಿ ಓದಿದರು: "ಛತ್ರಪತಿ ಸಂಭಾಜಿನಗರ."

"ತಪ್ಪಿ ಇಳದೇವ್ರಿ ಬಾಯಾರ. ಇದು ಬ್ಯಾರೆ ಊರು."

"ಇಲ್ರಿ. ಅದ ಊರು. ಹೆಸರು ಬದಲಾಗೇತಿ ಅಷ್ಟ. ಊರಿನದು ಮೊದಲ ಆಗಿತ್ತು, ಈಗ ಸ್ಟೇಶನ್ನಿಂದೂ ಆತು."

ಅವರು ಒಪ್ಪದೆ ತಲೆಯಾಡಿಸಿದರು. ಅವಳು ಅವರನ್ನು ಒಂದು ಬೆಂಚಿನ ಮೇಲೆ ಕೂರಿಸಿ ಬಾಟ್ಲಿಗೆ ನೀರು ತುಂಬಲು ಹತ್ತಿರದ ನಳಕ್ಕೆ ಹೋದಳು. ಅಷ್ಟರಲ್ಲಿ ಚೇತನನ ಫೋನು ಬಂತು. ವಾಳೂಜ್ ರಸ್ತೆಯಲ್ಲಿ ಟ್ರಾಫಿಕ್ ಸಿಕ್ಕಿದೆಯಂತೆ. ಗದ್ದಲದಲ್ಲಿ ಕೇಳಿಸದೆ ಒಂದು ಕಿವಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿ ಮಾತಾಡಿದಳು. ಮರಳಿ ಈಚೆ ತಿರುಗಿದಾಗ ಬೆಂಚು ಖಾಲಿ. ಚೀಲವೂ ಇರಲಿಲ್ಲ.

ಮೊದಲು ಗಂಡಸರ ಶೌಚಾಲಯದ ಬಾಗಿಲಲ್ಲಿ ನಿಂತು ಕೂಗಿದಳು. ವೇಟಿಂಗ್ ಹಾಲಿನಲ್ಲಿ ನೋಡಿದಳು. ಹೊರಗೆ ಆಟೋ ಸ್ಟ್ಯಾಂಡಿನ ತನಕ ಓಡಿ ಹೋಗಿ ಬಂದಳು. ಇಡೀ ಆಯುಷ್ಯ ಕಳೆದ ಸ್ಟೇಶನ್ನಿನಲ್ಲಿ ಯಾವ ಬಾಗಿಲು ಎಲ್ಲಿಗೆ ಹೋಗಿದೆ ಎಂಬುದೇ ಅವಳಿಗೆ ತಿಳಿಯದಂತಾಗಿತ್ತು. ಕೇಳಿಕೊಂಡು, ಕೇಳಿಕೊಂಡು ಅನೌನ್ಸ್‌ಮೆಂಟಿನ ಕೋಣೆ ತಲುಪಿದಳು. ಅದೀಗ ಒಳಗಡೆ ಎಲ್ಲೋ ಇತ್ತು, ಕಿಟಕಿಯಿಲ್ಲದ್ದು. ಸುಧೀರ ಎಂಬ ಮೂವತ್ತರ ಆಸುಪಾಸಿನ ಗುಮಾಸ್ತ ಕಂಪ್ಯೂಟರಿನ ಮುಂದಿದ್ದ.

ಅವಳು ಮರಾಠಿಯಲ್ಲಿ ಹೇಳಿದ್ದನ್ನು ಕೇಳಿ ಅವನು ತಡಮಾಡಲಿಲ್ಲ. ರೈಲ್ವೆ ಪೊಲೀಸರಿಗೆ ಫೋನು ಮಾಡಿ ತಿಳಿಸಿದ. ರೆಕಾರ್ಡಿನ ದನಿಯನ್ನು ನಿಲ್ಲಿಸಿ, ತಾನೇ ಮೈಕು ಹಿಡಿದು ಮರಾಠಿಯಲ್ಲೂ ಹಿಂದಿಯಲ್ಲೂ ಕೂಗಿದ: ನಾಸಿಕ್ಕಿನಿಂದ ಬಂದ ಶ್ರೀಪತಿ ಎಂಬ ಹಿರಿಯರು ಎಲ್ಲಿದ್ದರೂ ವಿಚಾರಣೆಯ ಕೌಂಟರಿಗೆ ಬರಬೇಕು, ಅವರ ಮನೆಯವರು ಕಾಯುತ್ತಿದ್ದಾರೆ. ಸ್ವಲ್ಪ ಬಿಟ್ಟು ಇನ್ನೊಮ್ಮೆ ಹೇಳಿದ. ಯಾರೂ ಬರಲಿಲ್ಲ.

"ಅವರು ಬರೋದಿಲ್ಲ ಸಾಹೇಬರೇ," ಎಂದಳು ವನಜಾ. ಅವಳಿಗೆ ಒಮ್ಮೆಲೇ ಹೊಳೆದಿತ್ತು. "ಅವರು ಕಳೆದುಹೋಗಿಲ್ಲ. ಅವರ ಪ್ರಕಾರ ಅವರು ಇನ್ನೂ ಊರನ್ನೇ ಮುಟ್ಟಿಲ್ಲ. ತಪ್ಪಿ ಇಳಿದೆ ಅಂತ ಔರಂಗಾಬಾದಿನ ಗಾಡಿ ಹುಡುಕುತ್ತಿದ್ದಾರೆ. ಈಗ ಹೊರಡೋ ಗಾಡಿ ಯಾವುದಿದೆ?"

ಸುಧೀರ ಪರದೆ ನೋಡಿದ. "ಎರಡನೇ ಪ್ಲಾಟ್‌ಫಾರ್ಮಿನಲ್ಲಿ ಜಾಲನಾ ಕಡೆಯದು ನಿಂತಿದೆ. ಸಿಗ್ನಲ್ ಬೀಳುವ ಹೊತ್ತು."

"ನನಗೆ ಮೈಕು ಕೊಡಿ."

"ತಾಯೀ, ಹಾಗೆ ಹೊರಗಿನವರಿಗೆ..."

"ನಾನು ಇಲ್ಲಿ ಇದೇ ಕೆಲಸ ಮಾಡಿದವಳು. ಈ ಕೋಣೆಯಲ್ಲಲ್ಲ, ಹಳೆಯದರಲ್ಲಿ. ವನಜಾ ಅಂತ ಕೇಳಿ, ಹಳಬರು ಯಾರಾದರೂ ಹೇಳ್ತಾರೆ."

ಕೇಳಲು ಹೊತ್ತಿರಲಿಲ್ಲ. ಅವನು ಅವಳ ಮುಖ ನೋಡಿದ, ಬಾಗಿಲ ಕಡೆ ನೋಡಿದ, ಕುರ್ಚಿ ಬಿಟ್ಟು ಎದ್ದ.

ಮೈಕಿನ ಮುಂದೆ ಕೂತಾಗ ಅವಳ ಬಾಯಿಗೆ ಮೊದಲು ಬಂದದ್ದು ಆ ಹಳೆಯ ಸಾಲೇ: ಮನಮಾಡದಿಂದ ಬರುವ ಗಾಡಿ ಇದೀಗ ಔರಂಗಾಬಾದ್ ಸ್ಟೇಶನ್ನಿಗೆ... ಅದನ್ನು ಕೇಳಿದರೆ ಅವರು ಖಂಡಿತ ಎದ್ದು ಬರುತ್ತಿದ್ದರು. ಆದರೆ ಇಲ್ಲದ ಗಾಡಿಯನ್ನು ಇದೆ ಎಂದು ಅವಳು ಒಂದು ದಿನವೂ ಹೇಳಿದವಳಲ್ಲ. ಹೊರಗೆ ಸಾಮಾನು ಹೊತ್ತ ಜನ ಕಿವಿಗೊಟ್ಟು ನಿಂತಿದ್ದರು. ಅವರನ್ನು ದಾರಿ ತಪ್ಪಿಸಲು ನಾಲಿಗೆ ಏಳಲಿಲ್ಲ. ಅವಳು ಕನ್ನಡದಲ್ಲಿ ಮಾತಾಡಿದಳು.

"ಶ್ರೀಪತಿಯವರ, ಕೇಳ್ರಿ. ಇದು ಔರಂಗಾಬಾದ್. ನೀವು ಬರೋಬ್ಬರಿ ಇಳದೀರಿ, ತಪ್ಪಿಲ್ಲ. ಬ್ಯಾರೆ ಗಾಡಿ ಹತ್ತಬ್ಯಾಡ್ರಿ, ಹತ್ತಿದ್ರ ಇಳೀರಿ. ನಾ ವನಜಾ ಮಾತಾಡಾಕತ್ತೀನಿ. ನನ್ನ ಡ್ಯೂಟಿ ಮುಗೀತು. ಕಿಡಕಿ ಹಂತೇಕ ಬರ್ರಿ."

ಆ ಸ್ಟೇಶನ್ನಿನ ಮೈಕಿನಲ್ಲಿ ಕನ್ನಡ ಎಂದಾದರೂ ಕೇಳಿಸಿತ್ತೋ ಇಲ್ಲವೋ. ಅವಳು ಮತ್ತೊಮ್ಮೆ, ಇನ್ನೂ ನಿಧಾನವಾಗಿ ಹೇಳಿದಳು. "ಕಿಡಕಿ ಹಂತೇಕ ಬರ್ರಿ" ಎನ್ನುವಾಗ ದನಿ ಒಡೆಯಿತು. ಹೊರಗೆ ಗಾಡಿಯ ಸೀಟಿ ಕೇಳಿಸಿತು. ಅವಳು ಎದ್ದು ಓಡಿದಳು.

ಅವಳು ಪ್ಲಾಟ್‌ಫಾರ್ಮಿಗೆ ಬರುವಷ್ಟರಲ್ಲಿ ಎರಡನೆಯದರ ಗಾಡಿ ಚಲಿಸುತ್ತಿತ್ತು. ಒಂದೊಂದೇ ಬೋಗಿ ದಾಟಿ ಹೋಯಿತು. ಕಿಟಕಿಗಳಲ್ಲಿ ಎಷ್ಟೋ ಮುಖಗಳು. ಕೊನೆಯ ಬೋಗಿ ಹೋದ ಮೇಲೆ ಆಚೆಯ ಪ್ಲಾಟ್‌ಫಾರ್ಮು ಬರಿದಾಗಿ ಕಂಡಿತು, ಒಂದು ನಾಯಿ, ಒಂದಿಷ್ಟು ಕಾಗದ. ಅವರು ಹೋಗಿಬಿಟ್ಟರು ಅಂದುಕೊಂಡಳು. ಜಾಲನಾದ ಪೊಲೀಸರಿಗೆ ತಿಳಿಸಬೇಕು, ಚೇತನನಿಗೆ ಏನು ಹೇಳಲಿ, ಅವರ ಜೇಬಿನಲ್ಲಿ ವಿಳಾಸವಾದರೂ ಇದೆಯೋ ಇಲ್ಲವೋ. ಕಂಬ ಹಿಡಿದು ನಿಂತಳು.

"ತಾಯೀ, ನೀವೇನಾ ಮೈಕಿನಲ್ಲಿ ಮಾತಾಡಿದ್ದು?" ಹೆಗಲಿಗೆ ಕಾಲೇಜು ಬ್ಯಾಗು ಹಾಕಿದ ಹುಡುಗಿಯೊಬ್ಬಳು ಏದುಸಿರು ಬಿಡುತ್ತ ಮರಾಠಿಯಲ್ಲಿ ಕೇಳಿದಳು. "ಅಜ್ಜ ಅಲ್ಲಿದ್ದಾರೆ. ಬನ್ನಿ. ಎಷ್ಟು ಕರೆದರೂ ಅಲ್ಲಿಂದ ಕದಲುತ್ತಿಲ್ಲ."

ಒಂದನೇ ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ, ಹಳೆಯ ಕಟ್ಟಡದ ಗೋಡೆ ಇನ್ನೂ ಉಳಿದಿತ್ತು. ಕಿಟಕಿಯನ್ನು ಎಂದೋ ಇಟ್ಟಿಗೆ ಇಟ್ಟು ಮುಚ್ಚಿ ಗಿಲಾವು ಮಾಡಿದ್ದರು. ಬಣ್ಣ ಹಚ್ಚಿದ್ದರೂ ಚೌಕದ ಗುರುತು ಎದ್ದು ಕಾಣುತ್ತಿತ್ತು. ಶ್ರೀಪತಿಯವರು ಅದರ ಮುಂದೆ ಚೀಲ ಕಾಲ ಹತ್ತಿರ ಇಟ್ಟುಕೊಂಡು, ತಲೆ ಬಾಚಿಕೊಂಡು, ನೆಟ್ಟಗೆ ನಿಂತಿದ್ದರು.

ಹುಡುಗಿ ಹೇಳುತ್ತಲೇ ಇದ್ದಳು. ಜಾಲನಾದ ಗಾಡಿಯಲ್ಲಿ ಅಜ್ಜ ಅವಳ ಎದುರು ಸೀಟಿನಲ್ಲಿ ಕೂತು, ಔರಂಗಾಬಾದ್ ಎಷ್ಟೊತ್ತಿಗೆ ಬರುತ್ತದೆ ಎಂದು ಎಲ್ಲರನ್ನೂ ಕೇಳುತ್ತಿದ್ದರಂತೆ. ಇದೇ ಔರಂಗಾಬಾದ್ ಎಂದರೆ ಬೋರ್ಡು ತೋರಿಸಿ ನಗುತ್ತಿದ್ದರಂತೆ. ಮೈಕಿನಲ್ಲಿ ಆ ತಿಳಿಯದ ಭಾಷೆ ಬಂದದ್ದೇ ತಡ, ಧಡಕ್ಕನೆ ಎದ್ದು ಬಾಗಿಲಿಗೆ ಬಂದರಂತೆ. ಬೀಳುತ್ತಾರೇನೋ ಎಂದು ಅವಳೂ ಕೈ ಹಿಡಿದು ಇಳಿದಳು, ಸೇತುವೆ ಹತ್ತಿಸಿ ಇಳಿಸಿ ಕರೆತಂದಳು. ಅವಳ ಗಾಡಿ ಹೋಯಿತು.

"ನಿನ್ನ ಗಾಡಿ ತಪ್ಪಿತಲ್ಲ ಮಗಾ," ಎಂದು ವನಜಾ ಅವಳ ಎರಡೂ ಕೈ ಹಿಡಿದುಕೊಂಡಳು.

"ಇನ್ನೊಂದು ಬರುತ್ತೆ ಬಿಡಿ," ಎಂದು ಹುಡುಗಿ ನಕ್ಕಳು. ಅವಳಿಗೆ ಮುಂದಿನ ಗಾಡಿ ಯಾವುದೆಂದು ತಿಳಿಸಲು, ಹಿಂದೆಯೇ ಓಡಿ ಬಂದಿದ್ದ ಸುಧೀರ ಮುಂದಾದ.

ವನಜಾ ಗಂಡನ ಮುಂದೆ ಹೋಗಿ ನಿಂತಳು. ಅವರು ಅವಳನ್ನು ಅಡಿಯಿಂದ ಮುಡಿಯ ತನಕ ನೋಡಿದರು. ಬಿಳಿಗೂದಲು, ಕನ್ನಡಕ, ಓಡಿ ಓಡಿ ಜಾರಿದ ಸೆರಗು. ಮತ್ತೆ "ಬಾಯಾರ" ಎಂದುಬಿಟ್ಟರೆ ಎಂಬ ಅಂಜಿಕೆಯಲ್ಲೇ ಅವಳು ಸೆರಗು ಸರಿಪಡಿಸಿಕೊಂಡಳು.

"ಯಾಕ, ದನಿ ಒಡದೈತಲ್ಲ ನಿಂದು?" ಎಂದರು. "ಥಂಡಿ ನೀರು ಕುಡದೀ ಏನು? ಮೈಕಿನಾಗ ಕೇಳಿದೆ. ಗೊಗ್ಗರ ಗೊಗ್ಗರ ಬರಾಕತ್ತಿತ್ತು."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ಹೌದ್ರಿ. ಕುಡದೆ," ಎಂದಳು.

"ಇವತ್ತ ಗಾಡಿ ಭಾಳ ಲೇಟ್. ನಿಂತು ನಿಂತು ನಿನಗ ಬ್ಯಾಸರ ಆಗಿರಬೇಕು."

"ಏನೂ ಇಲ್ರಿ. ಬಂದ್ರಲ್ಲ, ಸಾಕು."

ಬೆಂಚಿನ ಮೇಲೆ ಕೂತು ಕಾಗದದ ಕಪ್ಪಿನಲ್ಲಿ ಚಹಾ ಕುಡಿದರು. ಅವರು ಉಮಾನಾಥ ಭಟ್ಟರ ಉಪ್ಪಿಟ್ಟು ಕೇಳಿದರು. ಭಟ್ಟರು ಇವತ್ತು ರಜೆ ಎಂದು ಅವಳು ಹೇಳಿದಳು. ಅವರು ಕಾರ್ಖಾನೆಯ ಸುದ್ದಿ ಹೇಳಿದರು, ಎಂದಿನದೋ ಸುದ್ದಿ, ಯಾರಿಗೋ ಸಿಕ್ಕ ಬಡ್ತಿ, ರನ್‌ವೇಯ ಮೇಲೆ ಬಂದ ಎಮ್ಮೆ. ಆ ಎಮ್ಮೆಯ ಕಥೆಯನ್ನು ಅವಳು ಮೊದಲ ಸಲ ಕೇಳಿದ್ದು ಇದೇ ಪ್ಲಾಟ್‌ಫಾರ್ಮಿನ ಮೇಲೆ. ಈಗಲೂ ಮೊದಲ ಸಲದ ಹಾಗೆಯೇ ನಕ್ಕಳು.

ಅಷ್ಟರಲ್ಲಿ ಚೇತನ ಬಂದ. ದಾರಿಯುದ್ದಕ್ಕೂ ಫೋನು ಮಾಡಿ ಮಾಡಿ ಉತ್ತರ ಸಿಗದೆ ಅವನ ಮುಖ ಕಪ್ಪಿಟ್ಟಿತ್ತು. ಕೌಂಟರಿನಲ್ಲಿ ಯಾರೋ ಎಲ್ಲ ಹೇಳಿದ್ದರು. ತಾಯಿಯನ್ನು ಬೈಯಬೇಕೆಂದೇ ಬಂದವನು ಬಾಯಿ ತೆರೆಯುವ ಮುಂಚೆ ಶ್ರೀಪತಿಯವರು ಎದ್ದು, ಅಪರಿಚಿತರಿಗೆ ಮಾಡುವ ಹಾಗೆ ಕೈ ಮುಗಿದರು.

"ಬರ್ರಿ ಬರ್ರಿ. ಇವಳು ನನ್ನ ಹೆಂಡ್ತಿ, ವನಜಾ. ಇಲ್ಲೆ ಸ್ಟೇಶನ್ನಾಗ ಮೈಕಿನ ಮ್ಯಾಲೆ ಇರತಾಳ. ಮೂರು ಭಾಷಾ ಹೇಳತಾಳ್ರಿ. ಈಗ ಕನ್ನಡಾನೂ ಚಾಲೂ ಮಾಡ್ಯಾರ," ಎಂದರು. ಎದೆ ಉಬ್ಬಿತ್ತು. ಆಮೇಲೆ ಸಂಕೋಚದಿಂದ, "ತಾವು ಯಾರು ಗುರುತು ಸಿಗಲಿಲ್ಲ..."

ಚೇತನ ತಾಯಿಯ ಕಡೆ ನೋಡಿದ. ಅವಳ ಮುಖ ಅವನು ಎಷ್ಟೋ ದಿನಗಳಿಂದ ನೋಡದ ಹಾಗೆ ಬೆಳಗಿತ್ತು. ಅವನು ಬಗ್ಗಿ ತಂದೆಯ ಚೀಲ ಎತ್ತಿಕೊಂಡ. ಮನೆಯಲ್ಲಿ ಎಂದೂ ಪೂರ್ತಿ ಕನ್ನಡದಲ್ಲಿ ಒಂದು ಮಾತು ಆಡದವನು, ತಡವರಿಸಿ ಒಂದೊಂದೇ ಪದ ಜೋಡಿಸಿದ.

"ನಾ ಗಾಡಿ ತಂದೀನ್ರಿ. ಬಾಹೇರ್... ಹೊರಗ ನಿಲ್ಲಿಸೀನಿ. ನಿಮ್ಮಿಬ್ಬರನೂ ಮನಿಗೆ ಬಿಡತೀನಿ, ಬರ್ರಿ."

"ಬಾಡಿಗಿ ಎಷ್ಟು ತಗೋತಿ?" ಎಂದರು ಶ್ರೀಪತಿ.

"ನೀವು ಕೊಟ್ಟಷ್ಟು."

"ಒಳ್ಳೆ ಮನಶಾ ಅದಾನ," ಎಂದು ಅವರು ಹೆಂಡತಿಗೆ ಹೇಳಿ, ಅವಳ ಕೈ ಹಿಡಿದುಕೊಂಡು ಹೊರಟರು.